ವೇಷವೂ ಭಾಷೆಯೂ: ಕನ್ನಡ ನಾಡಿನಲ್ಲಿ ಬಾಳಿದ ಇಬ್ಬರು ಪಾದ್ರಿಗಳ ಗ್ರಂಥಗಳು

ಪರದೇಶಗಳಿಂದ ಬಂದು ಕನ್ನಡ ನಾಡಿನಲ್ಲಿ ನೆಲಸಿದ ಕ್ರೈಸ್ತ ಪಾದ್ರಿಗಳ ಸೇವೆಯನ್ನು ಕುರಿತು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಆಗಾಗ ಪ್ರಶಂಸೆ ನಡೆಯುವುದುಂಟು. ನಿಘಂಟು, ವ್ಯಾಕರಣ, ಅಚ್ಚುಕೂಟ, ವೃತ್ತಪತ್ರಿಕೆ ಎಂದು ಒಂದು ಪಟ್ಟಿಯನ್ನು ಒಪ್ಪಿಸಿ ಕೃತಜ್ಞತೆಯನ್ನು ಸೂಚಿಸಿದರೆ ಪ್ರಶಂಸೆ ಮುಗಿಯುವುದು. ಆದರೆ ಆ ಗ್ರಂಥಗಳನ್ನು ಬರೆದವರು ಈ ನಾಡಿನಲ್ಲಿ ದಿನವನ್ನು ಕಳೆದ ಬಗೆ ಯಾವುದು, ಏನನ್ನುಂಡರು, ಏನನ್ನುಟ್ಟರು, ಯಾರ ಮನೆಯ ಜಗಲಿಯ ಮೇಲೆ ಕುಳಿತರು, ಆ ಬಾಳುವೆಯ ಗುರುತು ಅವರ ಬರವಣಿಗೆಯಲ್ಲಿ ಎಷ್ಟರ ಮಟ್ಟಿಗೆ ನಿಂತಿದೆ ಎಂಬ ವಿಚಾರ ಅಪರೂಪವಾಗಿಯೇ ನಡೆದಿದೆ. ಗ್ರಂಥದ ಬೆಲೆಯನ್ನು ಕಟ್ಟುವುದಕ್ಕೆ ಈ ವಿಚಾರ ಅವಶ್ಯಕವಾದುದು.

ಹೊರಗಿನವನು ಒಂದು ಜನದ ಉಡುಗೆಯನ್ನುಟ್ಟು, ಆ ಜನದ ಅಡಿಗೆಯನ್ನುಂಡು, ಅವರ ಮಡಿ ಮೈಲಿಗೆಗಳನ್ನು ಪಾಲಿಸಿದರೆ ಅವರಲ್ಲೊಬ್ಬನಾಗುವನೆಂಬ ನಂಬಿಕೆ ಬಹು ಹಳೆಯದು. ಹಾಗೆ ಬಾಳಿದವನು ಬರೆದ ಪುಸ್ತಕವನ್ನು ಲೋಕವು ಕಣ್ಣಾರೆ ಕಂಡವನ ಸಾಕ್ಷ್ಯವೆಂದು ಪ್ರಮಾಣವಾಗಿ ಸ್ವೀಕರಿಸುವುದು. ಈ ನಂಬಿಕೆಯನ್ನು ಒರೆಗೆ ಹಚ್ಚುವುದಕ್ಕೆ ಕನ್ನಡ ನಾಡಿನ ಚರಿತ್ರೆಯಲ್ಲಿ ಎರಡು ಒಳ್ಳೆಯ ನಿದರ್ಶನಗಳಿವೆ. ಒಂದು, ಫ್ರಾನ್ಸ್ ದೇಶದ ಪಾದ್ರಿಯಾದ ಅಬೆ ದುಬಾಯ್ ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತು ಬರೆದ ಗ್ರಂಥ. ಇನ್ನೊಂದು, ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟು. ಒಬ್ಬನು ವೇಷವನ್ನು ಸಂಪೂರ್ಣವಾಗಿ ಬದಲಾಯಿಸಿದನು. ಇನ್ನೊಬ್ಬನಿಗೆ ಹಾಗೆ ಬಾಳುವ ಹಂಬಲವಿದ್ದರೂ ಅದು ಕೈಗೂಡಲಿಲ್ಲ. ಅವರ ಗ್ರಂಥಗಳಲ್ಲಿ ಕನ್ನಡ ಜನಕ್ಕೆ ಹತ್ತಿರವಾದುದು ಯಾವುದೆಂಬುದೇ ಇಲ್ಲಿಯ ಪ್ರಶ್ನೆ.

ದುಬಾಯ್ ಹಿಡಿದ ದಾರಿ ಅವನೇ ಮೊದಲು ತುಳಿದುದಲ್ಲ. 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸುಯಿಟ್ ಪಾದ್ರಿ ರಾಬರ್ಟೊ ದೆ ನೊಬಿಲಿಯು ಕಾವಿಯುಟ್ಟು, ಮಾಂಸವನ್ನು ಬಿಟ್ಟು, ಸಂನ್ಯಾಸಿಯಂತೆ ಬಾಳಿದನು. ಆ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಮಿಯು ಅದೇ ಪದ್ಧತಿಯನ್ನು ಶ್ರೀರಂಗಪಟ್ಟಣಕ್ಕೆ ತಂದನು. ಈ ಬಗೆಯ ಹೊಂದಾಣಿಕೆ ಧರ್ಮಕ್ಕೆ ಒಪ್ಪುವುದೋ ಇಲ್ಲವೋ ಎಂದು ಕ್ರೈಸ್ತ ಮಂಡಲಿಯಲ್ಲಿಯೇ ದೊಡ್ಡ ವಿವಾದ ಹುಟ್ಟಿತು. 1704ರಲ್ಲಿ ಪೋಪನ ಪ್ರತಿನಿಧಿಯಾದ ತೂರ್ನೊನನು ಪುದುಚೇರಿಯಲ್ಲಿ ಹಲವು ರೂಢಿಗಳನ್ನು ನಿಷೇಧಿಸಿದನು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪನು ಕೊಟ್ಟ ಶಾಸನದಿಂದ ವಿವಾದಕ್ಕೆ ತೆರೆ ಬಿದ್ದಿತು. ಹಣೆಯ ಗಂಧ, ಸ್ನಾನದ ನೇಮ, ಮದುವೆಯ ತಾಳಿ ಮುಂತಾದ ದಿನಬಳಕೆಯ ಚಿಕ್ಕ ವಿಷಯಗಳು ರೋಮಿನ ಧರ್ಮಪೀಠದವರೆಗೆ ಹೋಗಿ ತೀರ್ಪಿಗೆ ಕಾದವೆಂಬುದು ಗಮನಿಸತಕ್ಕ ಸಂಗತಿ. ಉಡುವುದು ಉಣ್ಣುವುದು ಯಾವ ಕಾಲಕ್ಕೂ ಬರಿಯ ಉಡುವುದು ಉಣ್ಣುವುದಾಗಿ ನಿಂತಿಲ್ಲ.

ಇಂತಹ ಪರಂಪರೆಯ ಕೊನೆಯಲ್ಲಿ ಬಂದವನು ದುಬಾಯ್. ಪ್ಯಾರಿಸಿನ ವಿದೇಶ ಮಿಷನ್ನಿಗೆ ಸೇರಿದ ಆತನು 1792ರಲ್ಲಿ ಹಿಂದೂದೇಶಕ್ಕೆ ಹೊರಟು, ಮೊದಲು ತಮಿಳು ಸೀಮೆಯಲ್ಲಿ ಕೆಲಸ ಮಾಡಿ, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸುವುದಕ್ಕಾಗಿ ಮೈಸೂರು ಸೀಮೆಗೆ ಬಂದನು. ಈ ದೇಶದ ಉಡುಪನ್ನೂ ಆಹಾರವನ್ನೂ ನಡೆನುಡಿಗಳನ್ನೂ ತಾನು ಕೈಕೊಂಡುದಾಗಿ, ಅದರಿಂದಲೇ ಜನರ ವಿಶ್ವಾಸವು ತನಗೆ ದೊರೆತುದಾಗಿ ಗ್ರಂಥದ ಪೀಠಿಕೆಯಲ್ಲಿ ಆತನೇ ಹೇಳಿಕೊಂಡಿರುವನು. ಜನರು ಆತನನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಿಡುಬಿನ ನಿವಾರಣೆಗೆ ದೇವಿ ಹಾಕುವ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಹರಡುವುದಕ್ಕೆ ಆತನು ಶ್ರಮಿಸಿದನು. ಹಾಸನದ ಕಡೆಯಲ್ಲಿ ಬಡ ಕ್ರೈಸ್ತ ರೈತರಿಗೆ ಒಂದು ನೆಲೆಯನ್ನು ಕಲ್ಪಿಸಿದನು. 1823ರಲ್ಲಿ ಸ್ವದೇಶಕ್ಕೆ ಮರಳಿ 1848ರಲ್ಲಿ ಪ್ಯಾರಿಸಿನಲ್ಲಿ ಮೃತನಾದನು. ಸುಮಾರು ಮೂವತ್ತು ವರ್ಷ ಈ ಬಿಸಿಲಿನಲ್ಲಿ ಬೆಂದು, ಈ ಅನ್ನವನ್ನುಂಡು ಬಾಳಿದವನ ನಿಷ್ಠೆಯನ್ನು ಸಂದೇಹಿಸುವುದು ನ್ಯಾಯವಲ್ಲ.

ಆತನ ಗ್ರಂಥದ ಕಥೆಯೂ ಸ್ವಾರಸ್ಯವಾದುದು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಹಸ್ತಪ್ರತಿಯನ್ನು ನೋಡಿ ಮೆಚ್ಚಿದನು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕನ ಸಮ್ಮತಿಯಿಂದ ಕಂಪೆನಿ ಸರಕಾರವು 1807ರಲ್ಲಿ ಅದನ್ನು 2,000 ವರಹಗಳಿಗೆ ಕೊಂಡುಕೊಂಡಿತು. 1816ರಲ್ಲಿ ಲಂಡನಿನಲ್ಲಿ ಇಂಗ್ಲಿಷ್ ಭಾಷಾಂತರವೂ, 1825ರಲ್ಲಿ ಪ್ಯಾರಿಸಿನಲ್ಲಿ ತಿದ್ದಿ ಬೆಳೆಸಿದ ಫ್ರೆಂಚ್ ಆವೃತ್ತಿಯೂ, 1897ರಲ್ಲಿ ಬೋಷಾಂಪನ ಹೊಸ ಇಂಗ್ಲಿಷ್ ಆವೃತ್ತಿಯೂ ಹೊರಬಂದವು. ಆಳುವವರಿಗೆ ಆಳಿಸಿಕೊಳ್ಳುವವರ ಮನೆಯೊಳಗನ್ನು ತೋರಿಸುವ ಕೈದೀವಿಗೆಯಾಗಿ ಈ ಪುಸ್ತಕವು ಬಹುಕಾಲ ಬಳಕೆಯಲ್ಲಿದ್ದಿತು.

ಪುಸ್ತಕದ ಗುಣವನ್ನು ಮೊದಲು ಹೇಳುವುದು ಧರ್ಮ. ಬ್ರಾಹ್ಮಣ ಗೃಹಸ್ಥನ ಪ್ರಾತಃಕಾಲದ ಶೌಚ ಸ್ನಾನಗಳು, ಎಲೆಯ ಮೇಲೆ ಬಡಿಸುವ ಕ್ರಮ, ಬಲಗೈಯ ನೇಮ, ಪಾತ್ರೆಗೆ ತುಟಿ ಸೋಕದಂತೆ ನೀರು ಕುಡಿಯುವ ರೀತಿ, ಎಂಜಲನ್ನೂ ಚರ್ಮವನ್ನೂ ಕುರಿತ ಅಸಹ್ಯ, ಮದುವೆ ಮತ್ತು ಅಪರಕರ್ಮಗಳ ವಿಧಿಗಳು, ಇವೆಲ್ಲ ವಿವರವಾಗಿ ಬಂದಿವೆ. ಅಜ್ಜಂದಿರ ಕಾಲದ ಮನೆಯನ್ನು ಬಲ್ಲವರು ಇವುಗಳಲ್ಲಿ ಹಲವನ್ನು ಓದಿ ತಲೆದೂಗಿಯಾರು. ಯೂರೋಪಿನವನೊಬ್ಬನು ತನ್ನ ಚರ್ಮದ ಪಾದರಕ್ಷೆಯಿಂದ ಆತಿಥೇಯನ ಮನಸ್ಸಿಗೆ ಏನಾಗುವುದೆಂಬುದನ್ನು ಅರಿತುಕೊಳ್ಳುವುದು ಸಣ್ಣ ವಿಷಯವೇನೂ ಅಲ್ಲ.

ಹೀಗಿದ್ದರೂ ಪುಸ್ತಕವನ್ನು ಮುಚ್ಚಿದ ಮೇಲೆ ವಾಚಕನ ಮನಸ್ಸಿನಲ್ಲಿ ಒಂದು ಕೊರತೆ ಉಳಿಯುವುದು. ಅಲ್ಲಿ ರೂಢಿಗಳು ಕಾಣುವಷ್ಟು ಮನುಷ್ಯರು ಕಾಣುವುದಿಲ್ಲ. ಬ್ರಾಹ್ಮಣನು ಹೀಗೆ ಮಾಡುವನು, ಹೀಗೆ ನಂಬುವನು ಎಂಬ ವಾಕ್ಯಗಳು ಸಾಲುಗಟ್ಟಿ ಬರುವುವೇ ಹೊರತು, ಇಂತಹ ಊರಿನ ಇಂತಹ ಗೃಹಸ್ಥನು ತನ್ನ ಮಾತಿನಲ್ಲಿ ಹೀಗೆ ಹೇಳಿದನು ಎಂಬುದು ವಿರಳ. ತಮಿಳು ಸೀಮೆಯಲ್ಲಿ ಕಂಡುದೋ ಮೈಸೂರಿನಲ್ಲಿ ಕಂಡುದೋ ಎಂಬ ಭೇದವೂ ಅನೇಕ ಸ್ಥಳಗಳಲ್ಲಿ ತೋರದು. ಎಲ್ಲವೂ ‘ಹಿಂದೂ’ ಎಂಬ ಒಂದೇ ಹೆಸರಿನ ಕೆಳಗೆ ಸೇರಿಹೋಗಿವೆ. ಇದರ ಮೇಲೆ ತೀರ್ಪಿನ ಧ್ವನಿಯೊಂದು ಉದ್ದಕ್ಕೂ ಕೇಳಿಬರುವುದು. ಜಾತಿಯ ಏರ್ಪಾಡು ಜನರನ್ನು ಅನಾಗರಿಕತೆಯಿಂದ ಕಾಪಾಡಿತೆಂದು ಹೊಗಳುವ ಲೇಖನಿಯೇ, ಆ ಏರ್ಪಾಡಿನ ತುದಿಯಲ್ಲಿರುವವರ ನಡತೆಯನ್ನು ಕಠೋರವಾಗಿ ಖಂಡಿಸುವುದು. ಹೊಗಳಿಕೆಗೂ ತೆಗಳಿಕೆಗೂ ದೂರ ಒಂದೇ. ಎರಡೂ ಹೊಸ್ತಿಲಿನ ಆಚೆ ನಿಂತು ಆಡಿದ ಮಾತುಗಳು.

ಈ ಕೊರತೆಗೆ ಕಾರಣವೊಂದು 1987ರಲ್ಲಿ ಬೆಳಕಿಗೆ ಬಂದಿತು. ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಆ ವರ್ಷ ಪ್ರಕಟಿಸಿದ ಸಂಶೋಧನೆಯಲ್ಲಿ, ದುಬಾಯ್ ಗ್ರಂಥದ ಬಹುಭಾಗವು ಆತನಿಗಿಂತ ಹಿಂದಿನವನಾದ ಜೆಸುಯಿಟ್ ಪಾದ್ರಿ ಕೂರ್ದೂ ಎಂಬವನ ಬರಹದಿಂದ ಬಂದುದೆಂದು ತೋರಿಸಿಕೊಟ್ಟರು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸನಿಗಿಂತ ಮೊದಲೇ ಗುರುತಿಸಿದ ವಿದ್ವಾಂಸನೀತನು. 1779ರಲ್ಲಿ ತೀರಿಕೊಂಡನು. ಆತನ ಮೂಲಗ್ರಂಥವು ಕಳೆದುಹೋಗಿ, 1777ರಲ್ಲಿ ಒಬ್ಬ ಫ್ರೆಂಚ್ ಸೈನ್ಯಾಧಿಕಾರಿಯು ಮಾಡಿಕೊಂಡ ಪ್ರತಿಯು ಉಳಿದಿದ್ದಿತು. ಅದರೊಡನೆ ಹೋಲಿಸಿದಾಗ ದುಬಾಯ್ ಪಡೆದ ಸಾಲ ಎಷ್ಟು ದೊಡ್ಡದೆಂಬುದು ಹೊರಬಿದ್ದಿತು.

ಹಿಂದಿನವರ ಬರಹವನ್ನು ಹೆಸರಿಸದೆ ಬಳಸುವುದು ಆ ಕಾಲದಲ್ಲಿ ಇಂದಿನಷ್ಟು ದೊಡ್ಡ ಅಪರಾಧವೆನಿಸಿರಲಿಲ್ಲವೆಂದು ಒಪ್ಪಬಹುದು. ಕೂರ್ದೂ ಕೂಡ ಈ ದೇಶದಲ್ಲಿ ಬಹುಕಾಲ ಬಾಳಿದವನಾದುದರಿಂದ ಸಂಗತಿಗಳು ಸುಳ್ಳಾಗುವುದಿಲ್ಲವೆಂದೂ ಹೇಳಬಹುದು. ಆದರೆ ವಿಮರ್ಶಕನಿಗೆ ಇಲ್ಲಿ ಬೇರೊಂದು ಪಾಠವಿದೆ. ಕಂಪೆನಿ ಸರಕಾರವು ಹಣ ಕೊಟ್ಟುದು ಕಣ್ಣಾರೆ ಕಂಡವನ ಮಾತಿಗೆಂದು. ಆ ಮಾತಿಗೆ ಪ್ರಮಾಣವಾಗಿ ನಿಂತುದು ಪೀಠಿಕೆಯಲ್ಲಿ ಹೇಳಿದ ವೇಷ. ವೇಷವು ಗ್ರಂಥಕ್ಕೆ ಮುದ್ರೆಯಾಯಿತೇ ಹೊರತು ಗ್ರಂಥದ ಬೇರಾಗಲಿಲ್ಲ. ಮೂವತ್ತು ವರ್ಷ ಪಕ್ಕದಲ್ಲಿದ್ದ ನೆರೆಯವರನ್ನು ಕೇಳುವುದಕ್ಕಿಂತ ಹಿಂದಿನವರ ಕಾಗದವನ್ನು ನೋಡಿ ಬರೆಯುವುದು ಸುಲಭವೆಂದು ತೋರಿದ ಗಳಿಗೆಯಲ್ಲಿ, ಉಟ್ಟ ಬಟ್ಟೆಯಿಂದ ಏನೂ ಪ್ರಯೋಜನವಾಗಲಿಲ್ಲ.

ದುಬಾಯ್ ಸ್ವತಃ ಈ ಸೋಲನ್ನು ಒಂದು ಬಗೆಯಲ್ಲಿ ಅರಿತಿದ್ದನೆಂದು ತೋರುವುದು. 1823ರಲ್ಲಿ ಹೊರಬಂದ ಆತನ ಪತ್ರಗಳಲ್ಲಿ, ಅಷ್ಟು ವರ್ಷಗಳಲ್ಲಿ ತನ್ನಿಂದ ಮತಾಂತರ ಹೊಂದಿದವರು ಇನ್ನೂರು ಮುನ್ನೂರು ಮಂದಿಗೆ ಮೀರಲಿಲ್ಲವೆಂದೂ, ಈ ಕೆಲಸವು ಈ ದೇಶದಲ್ಲಿ ಸಾಗುವಂತಹುದಲ್ಲವೆಂದೂ ನಿರಾಶೆಯಿಂದ ಬರೆದಿರುವನು. ಆ ಮಾತಿಗೆ ಇಂಗ್ಲೆಂಡಿನಲ್ಲಿ ತೀಕ್ಷ್ಣವಾದ ಪ್ರತ್ಯುತ್ತರಗಳೂ ಹೊರಟವು. ಜನರನ್ನು ಒಲಿಸಲಾರದೆ ಹೋದುದಕ್ಕೆ ಆತನು ಜನರ ಸ್ವಭಾವವನ್ನೇ ಮುಖ್ಯ ಕಾರಣವಾಗಿ ಎಣಿಸಿದನು. ತಾನು ಅವರ ಮಾತನ್ನು ಎಷ್ಟು ಕೇಳಿದೆನೆಂಬ ಪ್ರಶ್ನೆ ಆ ಪತ್ರಗಳಲ್ಲಿ ಏಳುವುದಿಲ್ಲ.

ಕಿಟ್ಟೆಲನ ವೃತ್ತಾಂತವು ಇದಕ್ಕೆ ಹಿಂದುಮುಂದಾದುದು. 1832ರಲ್ಲಿ ಜರ್ಮನಿಯ ಉತ್ತರ ತೀರದ ರೆಸ್ಟರ್ಹಾಫೆ ಎಂಬಲ್ಲಿ ಹುಟ್ಟಿದ ಆತನು ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಕನ್ನಡ ನಾಡಿಗೆ ಬಂದನು. ಆ ಮಿಷನ್ನಿನ ಪಾದ್ರಿಯ ಜೀವನವು ಬಾಸೆಲಿನ ಸಮಿತಿಯ ಕಟ್ಟುಪಾಡುಗಳಿಗೆ ಒಳಪಟ್ಟುದು. ವಾಸಕ್ಕೆ ಆವರಣದೊಳಗಿನ ಬಂಗಲೆ, ಸಂಚಾರಕ್ಕೆ ಕುದುರೆ, ವಿವಾಹಕ್ಕೆ ಕೂಡ ಸಮಿತಿಯ ಅನುಮತಿ. ಯುವಕನಾದ ಕಿಟ್ಟೆಲನಿಗೆ ಈ ದೂರ ಹಿಡಿಸಲಿಲ್ಲ. ಇಂಡಿಯದವರಿಗೆ ಇಂಡಿಯದವನಾಗಬೇಕೆಂದು ಹಂಬಲಿಸಿ ಆತನು ಕುದುರೆಯನ್ನು ಬಿಟ್ಟು ಕಾಲುನಡಿಗೆಯಿಂದ ಹಳ್ಳಿಗಳಿಗೆ ಹೋಗತೊಡಗಿದನು. ಹಿರಿಯ ಪಾದ್ರಿಗಳಿಗೆ ಇದು ಸರಿಬೀಳಲಿಲ್ಲ. ಸಂಘಟನೆಯೊಳಗೆ ಆತನು ಒಂಟಿಯಾದನು. ಆತನನ್ನು ಕುರಿತು 2006ರಲ್ಲಿ ರೈನ್ಹಾರ್ಡ್ ವೆಂಡ್ಟ್ ಸಂಪಾದಿಸಿದ ಪ್ರಬಂಧ ಸಂಕಲನದ ಶಿರೋನಾಮೆಯೇ, ಬದುಕಿದ್ದಾಗಿನ ಸೋಲನ್ನೂ ಸತ್ತ ಮೇಲಿನ ಗೆಲುವನ್ನೂ ಒಟ್ಟಿಗೆ ಹೆಸರಿಸುವುದು.

ಆ ಮಿಷನ್ನಿನಲ್ಲಿ ಇಂತಹ ಹಂಬಲ ಆತನೊಬ್ಬನದೇ ಆಗಿರಲಿಲ್ಲ. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗನು ವಿದ್ಯಾರ್ಥಿಗಳೊಡನೆ ವಾಸಮಾಡಿ ಮನೆಗೂ ಪಾಠಶಾಲೆಗೂ ನಡುವಣ ಗೋಡೆಯನ್ನು ತಗ್ಗಿಸಲೆಳಸಿದನು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವನೂ, ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಅಚ್ಚಿಗೆ ತಂದವನೂ ಈತನೇ. ಬೋಧಿಸಲು ಬಂದವನು ಕೇಳುವವನಾಗುವ ಕ್ರಮ ಇಲ್ಲಿ ಮೊದಲಾಯಿತು. ಆ ಕ್ರಮವು ಪೂರ್ಣವಾದುದು ಕಿಟ್ಟೆಲನಲ್ಲಿ.

ಕಾಲುನಡಿಗೆಯ ದಾರಿ ಮುಚ್ಚಿದಾಗ ಕಿಟ್ಟೆಲನು ಮಾತಿನ ದಾರಿಯನ್ನು ಹಿಡಿದನು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ರಚಿಸಿದನು. ಯೂರೋಪಿನ ರಾಗಗಳಿಗೆ ಕನ್ನಡದ ಪದಗಳನ್ನು ಹೊಂದಿಸುತ್ತಿದ್ದ ಕಾಲದಲ್ಲಿ ಇದೊಂದು ವಿವೇಕದ ಕೆಲಸ. ಮುಂದೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದನು. ಕೊನೆಗೆ 1894ರಲ್ಲಿ, ಆತನಿಗೆ ಅರುವತ್ತೆರಡು ವರ್ಷವಾದಾಗ, ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಸುಮಾರು 70,000 ಶಬ್ದಗಳ, 1,700ಕ್ಕೂ ಮಿಕ್ಕ ಪುಟಗಳ ನಿಘಂಟು ಹೊರಬಂದಿತು. ಅದಕ್ಕೆ ಮೊದಲು ವಿಲಿಯಂ ರೀವ್ 1832ರಲ್ಲಿ ಪ್ರಕಟಿಸಿದ ಕೋಶವೂ, ಅದನ್ನು ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ಸ್ಯಾಂಡರ್ಸನ್ ಹೊರಡಿಸಿದ ಆವೃತ್ತಿಯೂ ಬಳಕೆಯಲ್ಲಿದ್ದವು. ಕಿಟ್ಟೆಲನು ಅವುಗಳಿಂದ ತೆಗೆದುಕೊಂಡುದೂ ಉಂಟು. ಆದರೆ ತೆಗೆದುಕೊಂಡುದನ್ನು ಗುರುತಿನ ಅಕ್ಷರಗಳಿಂದ ಸೂಚಿಸುವ ಪದ್ಧತಿಯನ್ನು ಆತನು ಇಟ್ಟುಕೊಂಡನು.

ನಿಘಂಟನ್ನು ಸಾಹಿತ್ಯದ ದೃಷ್ಟಿಯಿಂದ ವಿಮರ್ಶಿಸುವುದು ಉಚಿತವೇ ಎಂದು ಕೇಳುವವರುಂಟು. ಆಚಾರ ವ್ಯವಹಾರಗಳ ಗ್ರಂಥಕ್ಕೂ ಕೋಶಕ್ಕೂ ಹೋಲಿಕೆ ಸಲ್ಲದೆಂಬ ಆಕ್ಷೇಪಣೆಯೂ ಬರಬಹುದು. ಕೋಶದಲ್ಲಿ ತೀರ್ಪಿಗೆ ಎಡೆ ಕಡಿಮೆಯೆಂಬುದು ನಿಜವೇ. ಆದರೂ ಯಾವ ಮಾತು ಕೋಶಕ್ಕೆ ತಕ್ಕುದು, ಯಾವುದು ಅಲ್ಲ ಎಂಬ ಆಯ್ಕೆಯಲ್ಲಿ ಕೋಶಕಾರನ ಮನಸ್ಸು ಹೊರಬೀಳುವುದು. ಕಿಟ್ಟೆಲನ ಪುಟಗಳಲ್ಲಿ ಕೇಶಿರಾಜನ ಸೂತ್ರದ ಹಳಗನ್ನಡ ಶಬ್ದದ ನೆರೆಯಲ್ಲಿಯೇ ಒಲೆ, ಒರಳು, ನೇಗಿಲು, ನೂಲುಗಳ ಮಾತು ಕುಳಿತಿದೆ. ಮಕ್ಕಳ ಆಟದ ಮಾತು, ಗಿಡಮರಗಳ ಹೆಸರು, ಬೇನೆಯ ಹೆಸರು, ಬೈಗಳು ಕೂಡ ಇವೆ. ಅರ್ಥವನ್ನು ತೋರಿಸುವುದಕ್ಕೆ ಗಾದೆಗಳನ್ನು ಧಾರಾಳವಾಗಿ ಕೊಟ್ಟಿದೆ. ಈ ಮಾತು ಮೈಸೂರಿನದು, ಈ ಮಾತು ಧಾರವಾಡದ ಕಡೆಯದು ಎಂದು ಸೀಮೆಯನ್ನು ಗುರುತಿಸಿದೆ. ತಮಿಳು, ತೆಲುಗು, ಮಲೆಯಾಳ, ತುಳುಗಳ ಸೋದರ ಶಬ್ದಗಳನ್ನು ಪಕ್ಕಕ್ಕಿಟ್ಟಿದೆ.

ಈ ಒಂದೊಂದು ವಿವರದ ಹಿಂದೆಯೂ ಒಬ್ಬ ಮನುಷ್ಯನಿರಬೇಕು. ಗಾದೆಯು ತಾನಾಗಿ ಕಾಗದದ ಮೇಲೆ ಬಂದು ಕೂಡುವುದಿಲ್ಲ. ಯಾರಾದರೊಬ್ಬರು ಆಡಬೇಕು, ಆಡಿದಾಗ ಹತ್ತಿರದಲ್ಲಿದ್ದು ಕೇಳಬೇಕು, ತಿಳಿಯದಿದ್ದರೆ ಮತ್ತೊಮ್ಮೆ ಕೇಳುವ ವಿನಯವಿರಬೇಕು. ಇಂತಹ ಊರಿನವರು ಹೀಗೆನ್ನುವರು ಎಂಬ ಸಣ್ಣ ಗುರುತಿನಲ್ಲಿ, ದುಬಾಯ್ ಗ್ರಂಥದಲ್ಲಿ ಕಾಣದೆ ಹೋದ ಮನುಷ್ಯರು ಸದ್ದಿಲ್ಲದೆ ಬಂದು ನಿಂತಿರುವರು. ಬಂಗಲೆಯಲ್ಲಿ ಬಾಳಿ, ಯೂರೋಪಿನ ಬಟ್ಟೆಯನ್ನುಟ್ಟು, ಮೇಜಿನ ಮೇಲೆ ಉಂಡವನ ಕೋಶದೊಳಗೆ ಕನ್ನಡದ ಅಡಿಗೆಮನೆಯಿದೆ. ಅಡಿಗೆಮನೆಯ ನೇಮಗಳನ್ನೆಲ್ಲ ಪಾಲಿಸಿದವನ ಗ್ರಂಥದಲ್ಲಿ ಆ ಮನೆಯವರ ದನಿಯಿಲ್ಲ.

ಕಿಟ್ಟೆಲನ ಕೃತಿಯೂ ದೋಷರಹಿತವಾದುದಲ್ಲ. ಶಬ್ದಗಳ ಮೂಲವನ್ನು ನಿರ್ಣಯಿಸುವಲ್ಲಿ ಆತನ ಕೆಲವು ಊಹೆಗಳನ್ನು ಆಮೇಲಿನ ವಿದ್ವಾಂಸರು ಒಪ್ಪಿಲ್ಲ. ಅನೇಕ ಶಾಸನಗಳೂ ಪ್ರಾಚೀನ ಕಾವ್ಯಗಳೂ ಬೆಳಕಿಗೆ ಬಂದುದು ಆತನ ತರುವಾಯ. ಆದುದರಿಂದ ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯದ ಮೂಲಕ ನಾಲ್ಕು ಸಂಪುಟಗಳಲ್ಲಿ ಹೊರತರಬೇಕಾಯಿತು. ಸಾಹಿತ್ಯ ಪರಿಷತ್ತು ತನ್ನ ಬೃಹತ್ಕೋಶದ ಎಂಟು ಸಂಪುಟಗಳನ್ನು 1970ರಿಂದ 1995ರವರೆಗೆ ಪ್ರಕಟಿಸಬೇಕಾಯಿತು. ಕಿಟ್ಟೆಲನ ಉದ್ದೇಶದಲ್ಲಿಯೂ ಮತಪ್ರಚಾರವು ಇದ್ದೇ ಇದ್ದಿತೆಂಬುದನ್ನು ಮರೆಮಾಚಬೇಕಾದುದಿಲ್ಲ. ಇದಕ್ಕಿಂತ ಭಾರವಾದ ಮಾತು ಇನ್ನೊಂದುಂಟು. ಆತನಿಗೆ ಮಾತು ಕಲಿಸಿದ ಪಂಡಿತರೂ, ಆಳುಗಳೂ, ಸಂತೆಯ ಜನರೂ, ಹೆಂಗಸರೂ ಶಿರೋಪತ್ರದ ಮೇಲೆ ಇಲ್ಲ. ಕೋಶವು ಕಿಟ್ಟೆಲನ ಹೆಸರಿನಲ್ಲಿ ನಡೆದಿದೆ. ಅದು ನ್ಯಾಯವಾಗಿ ಹೇಳುವವರ ಮತ್ತು ಕೇಳಿದವನ ಕೂಡು ಕೃತಿ.

ಈ ಮಾತನ್ನು ಒಪ್ಪಿದರೆ ವಿಚಾರವು ಪಾದ್ರಿಗಳಲ್ಲಿಯೇ ನಿಲ್ಲದೆ ಮನೆಯವರ ಕಡೆಗೂ ತಿರುಗುವುದು. ಕೇಳುವವನಿದ್ದರೆ ಸಾಲದು, ಹೇಳುವವರೂ ಬೇಕು. ಬೆಂಗಳೂರಿನ ಹೊರವಲಯವೇ ಇದಕ್ಕೆ ನಿದರ್ಶನ. 1882ರಲ್ಲಿ ಚಾಮರಾಜ ಒಡೆಯರು ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಜನರ ನೆಲೆಗೆಂದು ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟಾಗ ವೈಟ್‌ಫೀಲ್ಡ್ ಹುಟ್ಟಿತು. ಆ ಊರು ಮೊದಲಿನಿಂದಲೂ ಬಂದವರ ಊರು. ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಗೆ ಉತ್ತರದ ಕೂಲಿಗಾರನಿಂದ ಹಿಡಿದು ಪರದೇಶದ ಇಂಜಿನಿಯರನವರೆಗೆ ನಾನಾ ಜನರು ಹೊಟ್ಟೆಪಾಡಿಗಾಗಿ ಬಂದು ಸೇರಿರುವರು. ಅವರು ಬೋಧಿಸಲು ಬಂದವರಲ್ಲ, ದುಡಿಯಲು ಬಂದವರು. ಆದರೂ ಹೊಸ ನೆಲದಲ್ಲಿ ದಿನವನ್ನು ಹೇಗೆ ಕಳೆಯಬೇಕೆಂಬ ಹಳೆಯ ಪ್ರಶ್ನೆ ಅವರ ಮುಂದೆಯೂ ಇದೆ. ವೇಷದ ತೊಡಕು ಈಗ ಉಳಿದಿಲ್ಲ. ಬಂದವನೂ ಇದ್ದವನೂ ಉಡುವುದು ಒಂದೇ ಬಗೆಯ ಬಟ್ಟೆ. ದರ್ಶಿನಿಯಲ್ಲಿ ಇಬ್ಬರೂ ಒಂದೇ ಇಡ್ಲಿಯನ್ನು ತಿನ್ನುವರು. ಹಬ್ಬದ ದಿನ ಪಂಚೆಯುಟ್ಟು ಚಿತ್ರ ತೆಗೆಸಿಕೊಳ್ಳುವುದೂ ಉಂಟು. ಇಷ್ಟಾದರೂ ಗೋಡೆಯಾಚೆಯ ಮನೆಯವರ ಮಾತು ಹತ್ತು ವರ್ಷವಾದರೂ ಕಿವಿಗೆ ಬೀಳದೆ ಹೋಗುವುದು.

ಇದರ ತಪ್ಪನ್ನು ಬಂದವರ ಮೇಲೆಯೇ ಹೊರಿಸುವ ರೂಢಿ ಬೆಳೆದಿದೆ. ಅವರ ಪಾಲು ಇದ್ದೇ ಇದೆ. ಆದರೆ ತೊದಲುಗನ್ನಡದಲ್ಲಿ ಸೊಪ್ಪಿನ ಬೆಲೆಯನ್ನು ಕೇಳಿದವನಿಗೆ ಕನ್ನಡಿಗನೇ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಉತ್ತರ ಕೊಟ್ಟುಬಿಟ್ಟರೆ ಆ ತೊದಲು ಅಲ್ಲಿಗೇ ನಿಲ್ಲುವುದು. ಕಿಟ್ಟೆಲನ ತಪ್ಪು ಉಚ್ಚಾರಣೆಯನ್ನು ಸಹಿಸಿ, ನಕ್ಕರೂ ತಿದ್ದಿ, ಅದೇ ಮಾತನ್ನು ಎರಡು ಸಲ ಹೇಳಿದ ಹಳ್ಳಿಯವರು ಇರದಿದ್ದರೆ ಆ 70,000 ಶಬ್ದಗಳು ಕೂಡುತ್ತಿರಲಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಗಾದೆ. ದೇಶವನ್ನು ಸುತ್ತಿದವನು ಕೋಶವನ್ನು ಬರೆಯುವಂತಾದುದು, ಅವನು ಹೋದ ದಾರಿಯಲ್ಲಿ ಮಾತನಾಡಿಸಿದವರಿದ್ದುದರಿಂದ. ಆ ಹೆಸರಿಲ್ಲದವರ ಕೆಲಸವು ಈಗ ಅವರ ಮೊಮ್ಮಕ್ಕಳ ಪಾಲಿಗೆ ಬಂದಿದೆ.